ಹಾಡುತ್ತ ಹಾಡುತ್ತ ರಾಗ

ಬ್ಯಾಡಗಿಯ ಪೇಟೆಗೆ ಮೊದಲ ಸಲ ಬರುವ ಪರಸ್ಥಳದವರು ಅಲ್ಲಿಯ ಮೆಣಸಿನಕಾಯಿಯ ರಾಶಿಯನ್ನು ಕಂಡು ಮೂಗು ಮುರಿಯುವುದುಂಟು. ನುಣುಪಾಗಿ ಹೊಳೆಯುವ ಕಾಯಿಯನ್ನೇ ನೋಡಿ ರೂಢಿಯಾದ ಕಣ್ಣಿಗೆ, ಮೈಯೆಲ್ಲ ಸುಕ್ಕುಗಟ್ಟಿದ ಈ ಕಾಯಿ ಎಂದೋ ಕೊಯ್ದು ಹಳತಾದ ಸರಕಿನಂತೆ ತೋರುತ್ತದೆ. ಮುರಿದು ನಾಲಗೆಗೆ ತಾಗಿಸಿದರೆ ಬಯಸಿದಷ್ಟು ಖಾರವೂ ಇಲ್ಲ. ಆದರೆ ಅದೇ ಕಾಯಿ ಮನೆಗೆ ಹೋಗಿ, ಹುರಿದು ಪುಡಿಯಾಗಿ, ಸಾರಿನಲ್ಲಿ ಕುದಿದಾಗ ಅದರ ಬಣ್ಣದ ಬೆಲೆ ಗೊತ್ತಾಗುತ್ತದೆ. ಆ ಬಣ್ಣಕ್ಕಾಗಿಯೇ ಅದರ ಸತ್ತ್ವವನ್ನು ತೆಗೆದು ಆಹಾರ ಪದಾರ್ಥಗಳಲ್ಲಿಯೂ ತುಟಿಬಣ್ಣ, ಉಗುರುಬಣ್ಣಗಳಲ್ಲಿಯೂ ಬಳಸುತ್ತಾರೆ. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಹಾಗಾದರೆ ಮೊದಲ ನೋಟದ ತಪ್ಪು ಯಾರದು? ಕಾಯಿಯದಂತೂ ಅಲ್ಲ, ಬಣ್ಣಕ್ಕೆ ಹೆಸರಾದುದನ್ನು ಖಾರದ ತಕ್ಕಡಿಯಲ್ಲಿ ತೂಗಿದವರದು.

ಆಟಗಳ ವಿಷಯದಲ್ಲಿಯೂ ಈ ಬಗೆಯ ಅವಸರದ ತೂಕ ದಿನದಿನವೂ ನಡೆಯುತ್ತದೆ. ಬ್ಯಾಡಗಿಗೆ ನೆರೆಯಾದ ರಾಣೆಬೆನ್ನೂರಿನಲ್ಲಾಗಲಿ, ಹಾವೇರಿಯಲ್ಲಾಗಲಿ, ಬೇಸಿಗೆಯ ರಜೆಯ ಮಧ್ಯಾಹ್ನ ಮನೆಯ ಪಡಸಾಲೆಯಲ್ಲಿ ಮಕ್ಕಳ ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಒಂದು ವಿಡಿಯೋ ಆಟ ಕಾಣುವುದು ಈಗ ಸಾಮಾನ್ಯ ನೋಟ. ಹೊಸ ಆಟವನ್ನು ಹತ್ತು ನಿಮಿಷ ಆಡಿ “ಇದೇನೂ ಚೆನ್ನಾಗಿಲ್ಲ” ಎಂದು ಅಳಿಸಿಹಾಕಿದ ಹುಡುಗ, ವಾರ ಕಳೆದ ಮೇಲೆ ಗೆಳೆಯನ ಮಾತಿಗೆ ಅದನ್ನೇ ಮತ್ತೆ ತಂದು ಊಟದ ಹೊತ್ತಿಗೂ ಏಳದೆ ಕೂಡುತ್ತಾನೆ. “ಮೊನ್ನೆ ಈ ಆಟ ಬ್ಯಾಸರ ಅಂತಿದ್ದಿ, ಇವತ್ತ ನೋಡಿದ್ರ ಬಿಡವಲ್ಲಿ! ಏನಾತಪಾ ನಿನಗ?” ಎಂದು ಅವ್ವ ಕೇಳಿದರೆ ಅವನಲ್ಲಿ ಉತ್ತರವಿಲ್ಲ.

ಆ ಅವ್ವನ ಪ್ರಶ್ನೆ ಸಣ್ಣದಲ್ಲ. ‘ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ’ ಎಂಬ ಗಾದೆಯನ್ನು ಕನ್ನಡಿಗರೆಲ್ಲರೂ ಬಲ್ಲರು. ಮೊದಲು ಹಿಡಿಸದ ಆಟ ಬರಬರುತ್ತ ಹಿಡಿಸಿತೆಂದರೆ, ಅದು ಗಾದೆಯ ಮೊದಲರ್ಧವೂ ಆಗಿರಬಹುದು, ಎರಡನೆಯ ಅರ್ಧವೂ ಆಗಿರಬಹುದು. ಯಾವುದು ರಾಗ, ಯಾವುದು ರೋಗ ಎಂಬುದನ್ನು ತಿಳಿಯಬೇಕಾದರೆ, ಆಟವೊಂದು ತಡವಾಗಿ ಮನಸ್ಸಿಗೆ ಒಗ್ಗುವುದು ಏಕೆ ಎಂಬುದನ್ನು ಮೊದಲು ನೋಡಬೇಕು. ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳುಂಟು.

ಮೊದಲನೆಯದು, ಆಟವೇ ತಿದ್ದಿಕೊಳ್ಳುವುದು. ಅಚ್ಚಾದ ಕಾದಂಬರಿಯ ತಪ್ಪು ಮುಂದಿನ ಮುದ್ರಣದವರೆಗೆ ತಪ್ಪಾಗಿಯೇ ಉಳಿಯುತ್ತದೆ. ಇಂದಿನ ವಿಡಿಯೋ ಆಟ ಹಾಗಲ್ಲ. ಮಾರಾಟವಾದ ಮೇಲೂ ತಯಾರಕರು ಅಂತರ್ಜಾಲದ ಮೂಲಕ ಅದನ್ನು ಸರಿಪಡಿಸುತ್ತಲೇ ಇರಬಹುದು. ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಊರಿನ ‘ಹೆಲೋ ಗೇಮ್ಸ್’ ಎಂಬ ಸಣ್ಣ ಸಂಸ್ಥೆ ೨೦೧೬ರ ಆಗಸ್ಟ್‌ನಲ್ಲಿ ‘ನೋ ಮ್ಯಾನ್ಸ್ ಸ್ಕೈ’ ಎಂಬ ಅಂತರಿಕ್ಷದ ಆಟವನ್ನು ಹೊರತಂದಿತು. ೧೮ರ ಮುಂದೆ ಮತ್ತೆ ೧೮ ಸೊನ್ನೆಗಳನ್ನು ಬರೆದರೆ ಆಗುವಷ್ಟು ಗ್ರಹಗಳು ಅದರಲ್ಲಿವೆಯೆಂದು ಪ್ರಚಾರ. ಕೊಂಡವರು ಹೋಗಿ ನೋಡಿದರೆ, ಗ್ರಹಗಳೇನೋ ಇದ್ದುವು, ಅವುಗಳಲ್ಲಿ ಮಾಡಲು ಕೆಲಸವೇ ಹೆಚ್ಚಿರಲಿಲ್ಲ. ಒಬ್ಬರನ್ನೊಬ್ಬರು ಅಲ್ಲಿ ಸಂಧಿಸಬಹುದೆಂದು ನಂಬಿದವರಿಗೆ ಒಂದೇ ಸ್ಥಳದಲ್ಲಿ ನಿಂತರೂ ಎದುರಿನವರು ಕಾಣಲಿಲ್ಲ. ಕೊಂಡವರ ಸಿಟ್ಟಿಗೆ ಮೇರೆಯಿರಲಿಲ್ಲ.

ಆ ಸಂಸ್ಥೆಯವರು ಮಾತನ್ನು ನಿಲ್ಲಿಸಿ ಕೆಲಸಕ್ಕೆ ಕುಳಿತರು. ೨೦೧೬ರ ನವೆಂಬರಿನಿಂದ ಒಂದಾದ ಮೇಲೊಂದರಂತೆ ದೊಡ್ಡ ದೊಡ್ಡ ತಿದ್ದುಪಡಿಗಳು ಬಂದುವು. ೨೦೧೮ರ ಜುಲೈಯಲ್ಲಿ ಹಲವರು ಕೂಡಿ ಆಡುವ ಅನುಕೂಲ ನಿಜವಾಗಿಯೂ ಬಂದಿತು. ಇದಾವುದಕ್ಕೂ ಅವರು ಕೊಂಡವರಿಂದ ಮತ್ತೆ ಹಣ ಕೇಳಲಿಲ್ಲ. ಎಂಟು ವರ್ಷಗಳ ತರುವಾಯ, ೨೦೨೪ರಲ್ಲಿ, ಆಡಿದವರ ಅಭಿಪ್ರಾಯಗಳ ಒಟ್ಟು ಲೆಕ್ಕದಲ್ಲಿ ಮೆಚ್ಚುಗೆಯ ಪಾಲು ಬಹಳ ಮೇಲೇರಿತು. ‘ಬರಬರುತ್ತ ರಾಯರ ಕುದುರೆ ಕತ್ತೆಯಾಯಿತು’ ಎಂಬುದು ಲೋಕದ ರೂಢಿ; ಇಲ್ಲಿ ಕತ್ತೆಯೆನಿಸಿಕೊಂಡುದೇ ಮೆಲ್ಲಮೆಲ್ಲನೆ ಕುದುರೆಯಾಯಿತು.

ಇದಕ್ಕಿಂತಲೂ ಸೋಜಿಗದ್ದು ಜಪಾನಿನ ‘ಫೈನಲ್ ಫ್ಯಾಂಟಸಿ’ ಮಾಲೆಯ ೧೪ನೆಯ ಆಟದ ಕಥೆ. ‘ಸ್ಕ್ವೇರ್ ಎನಿಕ್ಸ್’ ಸಂಸ್ಥೆ ೨೦೧೦ರ ಸೆಪ್ಟೆಂಬರಿನಲ್ಲಿ ಅದನ್ನು ಬಿಡುಗಡೆ ಮಾಡಿದಾಗ ಆಡಿದವರೆಲ್ಲ ಬೇಸತ್ತರು. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸ್ಥೆಯ ಅಧ್ಯಕ್ಷರು ಬಹಿರಂಗವಾಗಿ ಕ್ಷಮೆ ಬೇಡಿ, ಆಟದ ಹೊಣೆಯನ್ನು ನಾಓಕಿ ಯೊಶಿದ ಎಂಬವರಿಗೆ ಒಪ್ಪಿಸಿದರು. ಯೊಶಿದ ಹಳೆಯ ಮನೆಗೆ ಸುಣ್ಣ ಬಳಿಯುತ್ತಲೇ, ಪಕ್ಕದಲ್ಲಿ ಹೊಸ ಮನೆಗೆ ತಳಹದಿ ಹಾಕಿದರು. ೨೦೧೨ರ ನವೆಂಬರ್ ೧೧ರಂದು ಹಳೆಯ ಆಟ ಮುಗಿಯಿತು. ಮುಗಿದ ರೀತಿಯನ್ನೂ ಕಥೆಯಾಗಿಯೇ ಹೆಣೆದಿದ್ದರು: ಚಂದ್ರನಂತಹ ಗೋಳವೊಂದು ಆಕಾಶದಿಂದ ಕಳಚಿಬಿದ್ದು, ಅದರೊಳಗಿಂದ ಎದ್ದ ಘಟಸರ್ಪ ಆ ಲೋಕವನ್ನೆಲ್ಲ ಸುಟ್ಟುಹಾಕಿತು. ೨೦೧೩ರ ಆಗಸ್ಟ್‌ನಲ್ಲಿ ಅದೇ ಹೆಸರಿನ ಹೊಸ ಆಟ ಹುಟ್ಟಿತು. ಮುಂದೆ ಜಗತ್ತಿನ ಅತ್ಯಂತ ಜನಪ್ರಿಯ ಕೂಟದ ಆಟಗಳಲ್ಲಿ ಒಂದಾಯಿತು. ಇಂತಹ ಕಡೆಗಳಲ್ಲಿ ಮೊದಲ ಅಭಿಪ್ರಾಯ ತಪ್ಪಾಗಿರಲಿಲ್ಲ. ಅದು ಆ ದಿನಕ್ಕೆ ಸರಿ. ಆಮೇಲೆ ಆಟವೇ ಬೇರೆಯಾಯಿತು.

ಎರಡನೆಯ ಕಾರಣದಲ್ಲಿ ಆಟ ಇದ್ದಂತೆಯೇ ಇರುತ್ತದೆ, ಬದಲಾಗುವವನು ಆಡುವವನು. ಚದುರಂಗವನ್ನು ಹೊಸದಾಗಿ ಕಲಿಯುವ ಮಕ್ಕಳಿಗೆ ಕುದುರೆಯ ನಡೆಯೆಂದರೆ ಬೇಸರ. ಆನೆ ನೆಟ್ಟಗೆ ಹೋಗುತ್ತದೆ, ಒಂಟೆ ಓರೆಯಾಗಿ ಹೋಗುತ್ತದೆ. ಇದು ಮಾತ್ರ ನೆಗೆದು, ತಿರುಗಿ, ಎಲ್ಲಿಯೋ ಕೂಡುತ್ತದೆ. ಆದರೆ ಅದರ ಗುಟ್ಟು ತಿಳಿದವರಿಗೆ ಅದರಷ್ಟು ಪ್ರಿಯವಾದ ಕಾಯಿ ಇನ್ನೊಂದಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಆಟಗಳ ಮಹಾ ರಸಿಕರು. ಕುದುರೆಯನ್ನು ಪ್ರತಿಯೊಂದು ಮನೆಗೂ ಒಂದೊಂದೇ ಸಲ ಇಡುತ್ತ ಇಡೀ ಹಾಸನ್ನು ಸುತ್ತಿಸುವ ಸಮಸ್ಯೆಯಲ್ಲಿ ಅವರ ಹೆಸರು ಇಂದಿಗೂ ಪ್ರಸಿದ್ಧವಾಗಿದೆ. ಹೊಸಬನಿಗೆ ತೊಡಕೆನಿಸುವ ನಡೆಯೇ ಬಲ್ಲವನಿಗೆ ಸೊಗಸೆನಿಸುತ್ತದೆ.

ವಿಡಿಯೋ ಆಟಗಳಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ‘ಡೀಮನ್ಸ್ ಸೋಲ್ಸ್’. ಹಿಡೆಟಾಕ ಮಿಯಾಝಾಕಿ ಎಂಬವರ ನಿರ್ದೇಶನದಲ್ಲಿ ಅದು ೨೦೦೯ರ ಫೆಬ್ರವರಿಯಲ್ಲಿ ಜಪಾನಿನಲ್ಲಿ ಹೊರಬಂದಿತು. ಅದರಲ್ಲಿ ಹೆಜ್ಜೆಹೆಜ್ಜೆಗೂ ಸಾವು. ಸತ್ತರೆ ಬಂದ ದಾರಿಯನ್ನೆಲ್ಲ ಮತ್ತೆ ತುಳಿಯಬೇಕು. ಬಿಡುಗಡೆಗೆ ಮುಂಚೆ ಅದನ್ನು ಆಡಿ ನೋಡಿದವರಲ್ಲಿ ಸೋನಿ ಸಂಸ್ಥೆಯ ಆಟಗಳ ವಿಭಾಗದ ಮುಖ್ಯಸ್ಥರಾಗಿದ್ದ ಶುಹೈ ಯೊಶಿದರೂ ಒಬ್ಬರು. ಸುಮಾರು ಎರಡು ಗಂಟೆ ಆಡಿದರೂ ಆರಂಭದ ಸ್ಥಳವನ್ನೇ ದಾಟಲಾಗದೆ, ಇದು ನಂಬಲಾರದಷ್ಟು ಕೆಟ್ಟ ಆಟವೆಂದು ಅವರು ಕೈಬಿಟ್ಟರು. ಈ ಸಂಗತಿಯನ್ನು ಮುಂದೆ ಅವರೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಅಮೆರಿಕದಲ್ಲಿ ಅದನ್ನು ಪ್ರಕಟಿಸುವ ಕೆಲಸಕ್ಕೆ ಸೋನಿ ಕೈಹಾಕಲಿಲ್ಲ. ಅಟ್ಲಸ್ ಎಂಬ ಬೇರೆ ಸಂಸ್ಥೆ ೨೦೦೯ರ ಅಕ್ಟೋಬರಿನಲ್ಲಿ ಅದನ್ನು ಹೊರತಂದಿತು. ಆಡಿದವರು ಬಾಯಿಂದ ಬಾಯಿಗೆ ಹೇಳಿ ಅದನ್ನು ಬೆಳೆಸಿದರು. ೨೦೨೦ರಲ್ಲಿ ಸೋನಿಯೇ ಅದಕ್ಕೆ ಹೊಸ ರೂಪ ಕೊಟ್ಟು, ತನ್ನ ಹೊಸ ಯಂತ್ರದೊಡನೆ ಮಾರುಕಟ್ಟೆಗೆ ತಂದಿತು. ಅದೇ ಮಿಯಾಝಾಕಿಯವರ ‘ಎಲ್ಡನ್ ರಿಂಗ್’ ೨೦೨೨ರಲ್ಲಿ ಬಂದು, ಒಂದು ವರ್ಷದೊಳಗೆ ೨ ಕೋಟಿ ಪ್ರತಿಗಳಷ್ಟು ಮಾರಾಟವಾಯಿತು.

ಈ ಆಟಗಳಲ್ಲಿ ಸಾವು ಶಿಕ್ಷೆಯಲ್ಲ, ಪಾಠ. ಶತ್ರುವಿನ ಕತ್ತಿ ಯಾವಾಗ ಮೇಲೇಳುತ್ತದೆ, ಯಾವಾಗ ಇಳಿಯುತ್ತದೆ ಎಂಬುದನ್ನು ಹತ್ತು ಸಲ ಸತ್ತವನು ಹನ್ನೊಂದನೆಯ ಸಲ ಬಲ್ಲನು. ಆಟ ಸುಲಭವಾಗಲಿಲ್ಲ, ಕೈ ಪಳಗಿತು, ಕಣ್ಣು ಚುರುಕಾಯಿತು. ಈಜು ಕಲಿತವರು, ಸೈಕಲ್ ಕಲಿತವರು, ಪಿಟೀಲಿನ ಮೇಲೆ ಕಮಾನು ಎಳೆಯಲು ಕಲಿತವರು ಇದನ್ನು ಬೇಗನೆ ಅರ್ಥ ಮಾಡಿಕೊಳ್ಳಬಲ್ಲರು.

ದುರ್ದೈವದಿಂದ ಇಂದಿನ ಪೇಟೆ ಇಂತಹ ತಾಳ್ಮೆಗೆ ಹೆಚ್ಚು ಎಡೆಗೊಡುವುದಿಲ್ಲ. ಕಂಪ್ಯೂಟರ್ ಆಟಗಳ ಬಹುದೊಡ್ಡ ಅಂಗಡಿಯಾದ ‘ಸ್ಟೀಮ್’ ೨೦೧೫ರಲ್ಲಿ ಒಂದು ನಿಯಮ ಮಾಡಿತು: ಕೊಂಡು ೧೪ ದಿನಗಳೊಳಗೆ, ೨ ಗಂಟೆಗಿಂತ ಕಡಿಮೆ ಆಡಿದ್ದರೆ ಹಣವನ್ನು ಹಿಂದಕ್ಕೆ ಪಡೆಯಬಹುದು. ಕೊಳ್ಳುವವರಿಗೆ ಇದು ನ್ಯಾಯವೇ ಸರಿ. ಆದರೆ ಎರಡು ಗಂಟೆಯೆಂದರೆ ಶುಹೈ ಯೊಶಿದರು ಬೇಸತ್ತು ಎದ್ದುಹೋದ ಅವಧಿಯೇ ಅಲ್ಲವೇ? ಹಣ ಕೊಡದೆ ಇಳಿಸಿಕೊಳ್ಳುವ ಮೊಬೈಲ್ ಆಟಕ್ಕಂತೂ ಎರಡು ಗಂಟೆಯ ಮಾತು ಹಾಗಿರಲಿ, ಎರಡು ನಿಮಿಷದ ಅವಕಾಶ ಸಿಕ್ಕರೆ ಪುಣ್ಯ. ಇದನ್ನರಿತ ತಯಾರಕರು ಇದ್ದ ಬದ್ದ ಸೊಬಗನ್ನೆಲ್ಲ ಹೊಸ್ತಿಲಿಗೇ ಬಳಿದು, ಒಳಮನೆಯನ್ನು ಬರಿದಾಗಿ ಬಿಡುವ ಅಪಾಯವುಂಟು.

ಮೂರನೆಯ ಕಾರಣ ಹೊರಗಿನ ರೂಪ. ಸ್ವೀಡನ್ನಿನ ಮಾರ್ಕಸ್ ಪೆರ್ಸನ್ ೨೦೦೯ರಲ್ಲಿ ಜನರ ಮುಂದಿಟ್ಟ ‘ಮೈನ್‌ಕ್ರಾಫ್ಟ್’ ಆಟವನ್ನು ಮೊದಲು ನೋಡಿದ ಹಿರಿಯರಿಗೆ, ಮಣ್ಣಿನ ಇಟ್ಟಿಗೆಗಳನ್ನು ಸುಮ್ಮನೆ ಪೇರಿಸಿದಂತೆ ತೋರುತ್ತದೆ. ಮರವೂ ಚೌಕ, ಹಸುವೂ ಚೌಕ, ಸೂರ್ಯನೂ ಚೌಕ! ಗೆಲ್ಲಬೇಕಾದುದೇನೆಂದು ಹೇಳುವವರೂ ಇಲ್ಲ. ಆದರೆ ಆ ಚೌಕಗಳೇ ಅದರ ಬಂಡವಾಳ. ಪ್ರತಿಯೊಂದು ಚೌಕವನ್ನೂ ಕಿತ್ತು ಬೇರೊಂದು ಕಡೆ ಇಡಬಹುದಾದುದರಿಂದ, ಮಗುವೊಂದು ಅದರಲ್ಲಿ ಮನೆ ಕಟ್ಟಬಹುದು, ಕೋಟೆ ಕಟ್ಟಬಹುದು, ತನ್ನ ಊರನ್ನೇ ಕಟ್ಟಬಹುದು. ೨೦೨೩ರ ಹೊತ್ತಿಗೆ ಅದರ ೩೦ ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿ, ವಿಡಿಯೋ ಆಟಗಳಲ್ಲಿಯೇ ಅತ್ಯಧಿಕ ಮಾರಾಟದ್ದೆಂಬ ಹೆಸರು ಪಡೆಯಿತು.

ಇನ್ನೊಂದು ಆಟ ‘ಡ್ವಾರ್ಫ್ ಫೋರ್ಟ್ರೆಸ್’. ಅಮೆರಿಕದ ಆ್ಯಡಮ್ಸ್ ಸಹೋದರರು ೨೦೦೬ರಲ್ಲಿ ಹೊರತಂದ ಇದರಲ್ಲಿ ಹಲವು ವರ್ಷಗಳವರೆಗೆ ಚಿತ್ರವೆಂಬುದೇ ಇರಲಿಲ್ಲ. ಪರದೆಯ ತುಂಬ ಅಕ್ಷರಗಳು, ಚಿಹ್ನೆಗಳು. ಟೈಪ್‌ರೈಟರಿನ ಕೀಲಿಗಳನ್ನು ಚೆಲ್ಲಿದಂತಿದ್ದ ಆ ಆಟವನ್ನು ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ ೨೦೧೨ರಲ್ಲಿ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಒಳಗೆ ಏನಿದೆಯೆಂದು ತಿಳಿಯುವ ಮೊದಲೇ ಹೊರಗಿನ ಬಡತನವನ್ನು ಕಂಡು ಹಿಂದಿರುಗಿದವರೇ ಅದಕ್ಕೆ ಹೆಚ್ಚು.

ಕನ್ನಡದ ಮನೆಗಳಲ್ಲಿ ಮೊದಲ ನೋಟವನ್ನು ಕೆಡಿಸುವ ಸಂಗತಿ ಇನ್ನೊಂದುಂಟು. ಅದು ಭಾಷೆ. ೧೯೯೦ರ ದಶಕದಲ್ಲಿ ನಮ್ಮ ದೇಶದ ಊರೂರಿಗೂ ಟಿ.ವಿ.ಗೆ ಜೋಡಿಸುವ ಕ್ಯಾಸೆಟ್ಟಿನ ಆಟಗಳು ಬಂದಾಗ ಈ ತೊಡಕು ಅಷ್ಟಾಗಿ ಕಾಣಲಿಲ್ಲ. ಜಪಾನಿನ ಶಿಗೆರು ಮಿಯಾಮೊಟೊ ೧೯೮೫ರಲ್ಲಿ ರೂಪಿಸಿದ ‘ಸೂಪರ್ ಮಾರಿಯೋ’ ಆಟಕ್ಕೆ ಮಾತೇ ಬೇಕಿರಲಿಲ್ಲ. ಎದುರಿಗೆ ಬಂದುದನ್ನು ಮುಟ್ಟಿದರೆ ಸಾವು, ಅದರ ಮೇಲೆ ಜಿಗಿದರೆ ಉಳಿವು ಎಂಬುದನ್ನು ಮೊದಲ ಅಡಿಯಲ್ಲಿಯೇ ಆಟ ತಾನಾಗಿ ಕಲಿಸುತ್ತಿತ್ತು. ಈಗಿನ ದೊಡ್ಡ ಆಟಗಳಲ್ಲಿ ಪುಟಗಟ್ಟಲೆ ಇಂಗ್ಲಿಷ್ ಓದಬೇಕಾಗುತ್ತದೆ. ಕನ್ನಡ ಶಾಲೆಯ ಹುಡುಗನಿಗೆ ಆಟ ಹಿಡಿಸಲಿಲ್ಲವೋ, ಅದರ ಭಾಷೆ ಹಿಡಿಸಲಿಲ್ಲವೋ ಎಂಬುದನ್ನು ವಿಚಾರಿಸಿದವರು ವಿರಳ. ಮೈನ್‌ಕ್ರಾಫ್ಟಿನ ಕಂಪ್ಯೂಟರ್ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಸ್ವಯಂಸೇವಕರ ಅನುವಾದದಿಂದ ಅದು ಬಂದುದು. ಅನೇಕ ಮನೆಗಳಿಗೆ ಈ ಸಂಗತಿ ಗೊತ್ತಿಲ್ಲ. ಸೆಟ್ಟಿಂಗಿನಲ್ಲಿ ಒಮ್ಮೆ ಭಾಷೆ ಬದಲಾಯಿಸಿ ನೋಡಿದರೆ ಅಪರಿಚಿತನಂತಿದ್ದ ಆಟ ನೆಂಟನಂತೆ ಆಗಲೂಬಹುದು.

ಇಷ್ಟನ್ನು ಓದಿದ ವಾಚಕರು, ಹಾಗಾದರೆ ಯಾವ ಆಟವನ್ನೇ ಆಗಲಿ ಹಿಡಿದು ಕೂತರೆ ರುಚಿಸುತ್ತದೆಯೋ ಎಂದು ಕೇಳಬಹುದು. ಅದಕ್ಕೆ ಮನಶ್ಶಾಸ್ತ್ರದಲ್ಲಿ ಸ್ವಲ್ಪ ಆಧಾರವೂ ಉಂಟು. ಅಮೆರಿಕದ ರಾಬರ್ಟ್ ಝಯಾನ್ಸ್ ೧೯೬೮ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅರ್ಥ ಗೊತ್ತಿಲ್ಲದ ಶಬ್ದಗಳನ್ನೂ ಚೀನೀ ಲಿಪಿಯಂತಹ ಗುರುತುಗಳನ್ನೂ ಕೆಲವನ್ನು ಹೆಚ್ಚು ಸಲ, ಕೆಲವನ್ನು ಕಡಿಮೆ ಸಲ ಜನರಿಗೆ ತೋರಿಸಲಾಯಿತು. ಹೆಚ್ಚು ಸಲ ಕಂಡುದಕ್ಕೇ ಒಳ್ಳೆಯ ಅರ್ಥವಿರಬೇಕೆಂದು ಜನ ಊಹಿಸಿದರು. ಪರಿಚಯ ತಾನೇ ಪ್ರೀತಿಯ ಮೊದಲ ಮೆಟ್ಟಲು. ಆದರೆ ಆ ಗುರುತುಗಳ ಮೇಲೆ ಮೊದಲಿಗೆ ಯಾರಿಗೂ ದ್ವೇಷವಿರಲಿಲ್ಲವೆಂಬುದನ್ನು ಮರೆಯಬಾರದು. ನಿಜವಾಗಿಯೂ ಹೇವರಿಕೆ ಹುಟ್ಟಿಸಿದ್ದನ್ನು ಮತ್ತೆ ಮತ್ತೆ ಮುಂದಿಟ್ಟರೆ ಹೇವರಿಕೆ ಹೆಚ್ಚುವುದೂ ಉಂಟು. ೧೯೮೨ರಲ್ಲಿ ಅಟಾರಿ ಸಂಸ್ಥೆ ಹೆಸರಾಂತ ಚಲನಚಿತ್ರವೊಂದರ ಆಧಾರದ ಮೇಲೆ ಐದಾರು ವಾರಗಳಲ್ಲಿ ಅವಸರದಿಂದ ಮಾಡಿಸಿದ ‘ಇ.ಟಿ.’ ಎಂಬ ಆಟವಿತ್ತು. ಮಾರಾಟವಾಗದೆ ಉಳಿದ ಅದರ ಪ್ರತಿಗಳನ್ನು ೧೯೮೩ರಲ್ಲಿ ಇತರ ಸರಕಿನೊಡನೆ ನ್ಯೂ ಮೆಕ್ಸಿಕೋದ ಕಸದ ಗುಂಡಿಯಲ್ಲಿ ಹೂಳಿದರು. ೨೦೧೪ರಲ್ಲಿ ಅಗೆದು ತೆಗೆದಾಗ ಅವು ಕುತೂಹಲದ ವಸ್ತುಗಳಾದುವೇ ಹೊರತು, ಒಳ್ಳೆಯ ಆಟವಾಗಲಿಲ್ಲ.

ಈಗ ಗಾದೆಯ ಎರಡನೆಯ ಅರ್ಧಕ್ಕೆ ಬರಬೇಕು. ಕೆಲವು ಆಟಗಳು ರುಚಿಯಿಂದಲ್ಲ, ಕೊಕ್ಕೆಯಿಂದ ಹಿಡಿಯುತ್ತವೆ. ದಿನವೂ ಬಂದು ಮುಖ ತೋರಿಸಿದರೆ ಬಹುಮಾನ, ಒಂದು ದಿನ ತಪ್ಪಿದರೆ ನಷ್ಟ. ತೆರೆದರೆ ಏನು ಸಿಕ್ಕೀತೆಂದು ಹೇಳದ ಪೆಟ್ಟಿಗೆ, ಆ ಪೆಟ್ಟಿಗೆಗೆ ನಿಜವಾದ ಹಣ. ಇವು ಮೊದಲು ಸಪ್ಪೆಯೆನಿಸಿ, ಆಮೇಲೆ ಬಿಡಿಸಲಾಗದಂತಾದರೆ ಅದನ್ನು ಅಭಿರುಚಿಯೆನ್ನಲಾಗದು. ಹಣ ಕಟ್ಟಿ ಆಡುವ ಆಟಗಳಂತೂ ಎಷ್ಟೋ ಸಂಸಾರಗಳನ್ನು ಸಾಲಕ್ಕೆ ನೂಕಿವೆ. ಕರ್ನಾಟಕ ೨೦೨೧ರಲ್ಲಿ ಪೊಲೀಸ್ ಕಾಯಿದೆಯನ್ನು ತಿದ್ದಿ ಅವುಗಳನ್ನು ತಡೆಯಲು ನೋಡಿತು. ೨೦೨೨ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಅಸಿಂಧುವೆಂದು ಸಾರಿತು. ೨೦೨೫ರ ಆಗಸ್ಟ್‌ನಲ್ಲಿ ಸಂಸತ್ತೇ ಇಡೀ ದೇಶಕ್ಕೆ ಅನ್ವಯಿಸುವಂತೆ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು.

ಹಣವಿಲ್ಲದ ಆಟವೂ ರೋಗವಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಆಟದ ಗೀಳು ಎಂಬುದಕ್ಕೆ ಈಗ ಸ್ಥಾನವಿದೆ; ಆ ಹೊಸ ಪಟ್ಟಿ ೨೦೨೨ರ ಜನವರಿಯಿಂದ ಜಾರಿಗೆ ಬಂದಿತು. ಆಟದ ಮೇಲೆ ಹಿಡಿತ ತಪ್ಪುವುದು, ಊಟ ನಿದ್ದೆ ಓದುಗಳಿಗಿಂತ ಅದೇ ಮೇಲಾಗುವುದು, ಕೆಡುಕು ಕಣ್ಣಿಗೆ ಕಂಡರೂ ಬಿಡಲಾಗದಿರುವುದು — ಇವು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಉಳಿದರೆ ಅದನ್ನು ರೋಗವೆಂದು ಎಣಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇಂತಹವರಿಗಾಗಿ ೨೦೧೪ರಲ್ಲಿಯೇ ಪ್ರತ್ಯೇಕ ಚಿಕಿತ್ಸಾ ವಿಭಾಗವನ್ನು ತೆರೆಯಿತು. ಎಲ್ಲ ಮಕ್ಕಳಿಗೂ ಆ ಬಾಗಿಲು ಬೇಕಾಗುವುದಿಲ್ಲ. ಬೇಕಾದವರನ್ನು ಅಲ್ಲಿಗೆ ಕರೆದೊಯ್ಯಲು ಹೆತ್ತವರು ನಾಚಬೇಕಾಗಿಯೂ ಇಲ್ಲ.

ರಾಗವೋ ರೋಗವೋ ಎಂದು ಮನೆಯಲ್ಲಿಯೇ ಪರೀಕ್ಷಿಸುವುದು ಕಷ್ಟವೇನಲ್ಲ. ಆಟ ಮುಚ್ಚಿಟ್ಟ ಮೇಲೆ ಮಗುವನ್ನು ಕೇಳಬೇಕು: “ಮೊದಲು ಏಕೆ ಬೇಡವೆನಿಸಿತ್ತು, ಈಗ ಏಕೆ ಬೇಕೆನಿಸಿತು?” ನಿಜವಾಗಿ ರುಚಿ ಹತ್ತಿದ ಮಗು ಉತ್ಸಾಹದಿಂದ ಹೇಳುತ್ತದೆ, ತಾನು ಕಟ್ಟಿದ ಕೋಟೆಯನ್ನು ತೋರಿಸುತ್ತದೆ, ದಾಟಿದ ಗಂಡಾಂತರವನ್ನು ವರ್ಣಿಸುತ್ತದೆ, ಕರೆದಾಗ ಗೊಣಗುತ್ತಲಾದರೂ ಏಳುತ್ತದೆ. ಕೊಕ್ಕೆಗೆ ಸಿಕ್ಕಿದ ಮಗುವಿಗೆ ಹೇಳಲು ಏನೂ ಇರುವುದಿಲ್ಲ. ಆಡುವಾಗಲೂ ಸಂತೋಷವಿಲ್ಲ, ಆಡದಿದ್ದಾಗ ಸಿಡುಕು ಮಾತ್ರ ಉಂಟು. ಒಂದರಲ್ಲಿ ಆಡುವವನು ಬೆಳೆದಿದ್ದಾನೆ, ಇನ್ನೊಂದರಲ್ಲಿ ಅಭ್ಯಾಸವೊಂದೇ ಬೆಳೆದಿದೆ.

ಆದುದರಿಂದ ಹಿರಿಯರು ಮಾಡಬಹುದಾದ ಕೆಲಸ ಎರಡು. ಮಕ್ಕಳು ಕಷ್ಟವೆಂದು ಎಸೆದ ಒಳ್ಳೆಯ ಆಟಕ್ಕೆ ಇನ್ನೊಂದು ಅವಕಾಶ ಕೊಡಿಸಬೇಕು: ನಾಲ್ಕು ದಿನ ಬಿಟ್ಟು, ಅದನ್ನು ಬಲ್ಲ ಅಣ್ಣನನ್ನೋ ಗೆಳತಿಯನ್ನೋ ಪಕ್ಕದಲ್ಲಿ ಕೂಡಿಸಿ, ಗೊತ್ತುಮಾಡಿದ ಒಂದು ಗಂಟೆ ಮತ್ತೆ ಆಡಿಸಬೇಕು. ಆಗಲೂ ಹಿಡಿಸದಿದ್ದರೆ ಬಿಡಲು ಸಂಕೋಚವಿಲ್ಲ. ಎರಡನೆಯದು, ತಾವೂ ಒಂದು ಸಂಜೆ ಮಕ್ಕಳ ಬದಿಯಲ್ಲಿ ಕುಳಿತು ಆ ಆಟವನ್ನು ನೋಡಬೇಕು. ಬಾಗಿಲಲ್ಲಿ ನಿಂತು ಒಂದು ಕ್ಷಣ ಇಣುಕಿ “ಹಾಳು ಆಟ” ಎನ್ನುವ ಹಿರಿಯರಿಗೂ, ಹತ್ತು ನಿಮಿಷದಲ್ಲಿ ಅಳಿಸಿಹಾಕುವ ಹುಡುಗನಿಗೂ ಅವಸರದಲ್ಲಿ ವ್ಯತ್ಯಾಸವಿಲ್ಲ. ಒಂದು ಸಂಜೆ ಕುಳಿತು ನೋಡಿದ ತಂದೆಗೆ ಯಾವುದನ್ನು ಬೇಡವೆನ್ನಬೇಕೆಂಬುದು ಗೊತ್ತಿರುತ್ತದೆ. ಅಂಥವನು ಬೇಡವೆಂದಾಗ ಮಗುವೂ ಕೇಳುತ್ತದೆ.